ಉಬ್ಬಿದ ಬ್ಯಾಟರಿಗೆ ಸೂಜಿ ಚುಚ್ಚಬೇಡಿ

ಮಾನ್ಯರೇ,

ಟಚ್‌ಪ್ಯಾಡ್ ಕ್ಲಿಕ್ ಆಗುತ್ತಿಲ್ಲ, ಮುಚ್ಚಿದರೂ ಒಂದು ಮೂಲೆ ಎದ್ದೇ ಇರುತ್ತದೆ, ಮೇಜಿನ ಮೇಲಿಟ್ಟರೆ ಕುಂಟುತ್ತದೆ. ಇಂಥ ಲ್ಯಾಪ್‌ಟಾಪಿನಲ್ಲಿ ಕೆಟ್ಟಿರುವುದು ಬಹುಪಾಲು ಟಚ್‌ಪ್ಯಾಡ್ ಅಲ್ಲ, ಅದರಡಿಯ ಬ್ಯಾಟರಿ. ತೆಳು ಲ್ಯಾಪ್‌ಟಾಪುಗಳ ಸೆಲ್‌ಗಳಿಗೆ ಗಟ್ಟಿ ಡಬ್ಬಿ ಇರುವುದಿಲ್ಲ, ಅಲ್ಯೂಮಿನಿಯಂ ಹಾಳೆಯ ಚೀಲವಷ್ಟೇ. ಒಳಗಿನ ದ್ರಾವಣ ಕೆಟ್ಟು ಅನಿಲವಾದರೆ ಚೀಲ ಪೂರಿಯಂತೆ ಉಬ್ಬುತ್ತದೆ. ದಿನವಿಡೀ ಚಾರ್ಜರ್ ಸಿಕ್ಕಿಸಿ, ಹಾಸಿಗೆಯ ಮೇಲಿಟ್ಟು ಬಿಸಿಯಾಗಲು ಬಿಟ್ಟರೆ ಇದು ಬೇಗ ಆಗುತ್ತದೆ. ಹಲವು ಕಂಪನಿಗಳ ತಂತ್ರಾಂಶದಲ್ಲೇ ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವ ಆಯ್ಕೆ ಇದೆ, ಬಳಸುವವರು ಕಡಿಮೆ.

ಉಬ್ಬಿದ್ದು ಕಂಡ ಕೂಡಲೇ ಚಾರ್ಜರ್ ತೆಗೆದು ಪೂರ್ತಿ ಶಟ್‌ಡೌನ್ ಮಾಡಿ, ಸ್ಲೀಪ್ ಸಾಲದು. ಕಿಟಕಿ ಪರದೆ, ಪುಸ್ತಕಗಳಿಂದ ದೂರ, ಬರೀ ಟೈಲ್ಸ್ ನೆಲದ ಮೇಲಿಡಿ. ಫೈಲ್ ನಕಲಿಗೆಂದು ಮತ್ತೆ ಆನ್ ಮಾಡಬೇಡಿ. ಬ್ಯಾಟರಿ ಕಳಚಿದ ಮೇಲೆ ಅನೇಕ ಮಾದರಿಗಳು ಅಡಾಪ್ಟರ್ ಒಂದರಲ್ಲೇ ಓಡುತ್ತವೆ, ನಕಲು ಆಗ ಮಾಡಿಕೊಳ್ಳಬಹುದು. 'ಗಾಳಿ ಬಿಡಿಸಿದರೆ ಸರಿಹೋಗುತ್ತದೆ' ಎನ್ನುವವರ ಮಾತು ಕೇಳಲೇಬೇಡಿ. ಒಳಗೆ ಎರಡು ಧ್ರುವಗಳ ನಡುವೆ ಇರುವುದು ತೆಳು ಪೊರೆ. ಸೂಜಿ ಅದನ್ನು ದಾಟಿದರೆ ಶಾರ್ಟ್ ಸರ್ಕ್ಯೂಟ್, ಹೊರಬರುವ ಅನಿಲವೂ ಉರಿಯುವಂಥದ್ದೇ. ಬಿಸಿಯಾದರೆ, ಬುಸ್ಸೆಂದರೆ, ವಾಸನೆ ಬಂದರೆ ಕೋಣೆ ಬಿಟ್ಟು ಹೊರಬಂದು 101ಕ್ಕೆ ಕರೆ ಮಾಡಿ.

ವಾರಂಟಿ ಇದ್ದರೆ ಹಿಂಬದಿಯ ಸ್ಕ್ರೂ ಮುಟ್ಟಬೇಡಿ. 'ಗ್ರಾಹಕರೇ ಹಾಳುಮಾಡಿದ್ದು' ಎನ್ನಲು ಅದೇ ನೆಪವಾದೀತು. ಸಂದಿ ಕಾಣುವಂತೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ, ಸೀರಿಯಲ್ ನಂಬರು, ಬಿಲ್ ಜೊತೆಗಿರಲಿ. ಲ್ಯಾಪ್‌ಟಾಪಿಗೆ 3 ವರ್ಷದ ವಾರಂಟಿ ಇದ್ದರೂ ಬ್ಯಾಟರಿಗೆ ಹಲವೆಡೆ 1 ವರ್ಷ ಮಾತ್ರ. ದೂರಿನಲ್ಲಿ 'ಬ್ಯಾಕಪ್ ಬರುತ್ತಿಲ್ಲ' ಎಂದು ಬರೆಸಿದರೆ ಸಹಜ ಸವೆತವೆಂದು ತಳ್ಳಿಹಾಕುತ್ತಾರೆ. 'ಬ್ಯಾಟರಿ ಉಬ್ಬಿದೆ, ಅಪಾಯವಿದೆ' ಎಂದೇ ಬರೆಸಿ. ಅದು ಒತ್ತಿ ಎಬ್ಬಿಸಿದ ಟಚ್‌ಪ್ಯಾಡ್, ಕೀಬೋರ್ಡುಗಳೂ ಸರ್ವಿಸ್ ಸೆಂಟರ್ ಕೊಡುವ ಜಾಬ್‌ಶೀಟಿನಲ್ಲಿ (ದುರಸ್ತಿ ಚೀಟಿ) ಇರಲಿ. ಕೊರಿಯರ್ ಬೇಡ, ಹಾನಿಗೊಂಡ ಲಿಥಿಯಂ ಬ್ಯಾಟರಿಗೆ ವಿಮಾನದಲ್ಲಿ ನಿಷೇಧವಿದೆ. ಮಂಡ್ಯದವರು ಅದನ್ನು ಬ್ಯಾಗಿನಲ್ಲಿ ತುರುಕಿ ಮೈಸೂರಿನ ಬಸ್ಸು ಹತ್ತುವ ಮೊದಲು, ತಂತ್ರಜ್ಞರನ್ನೇ ಮನೆಗೆ ಕಳಿಸುವಂತೆ ಕೇಳಲಿ.

ಕಂಪನಿ ವಾರಂಟಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು 2 ವರ್ಷದ ಗಡುವಿದೆ, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. 2019ರ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹೂಡಬಹುದು.

ತೆಗೆದ ಬ್ಯಾಟರಿ ಕಸದ ಆಟೊಗೆ ಬಿದ್ದರೆ, ಕಸ ಒತ್ತುವ ಯಂತ್ರದಲ್ಲೋ ಮೈಸೂರಿನ ವಿದ್ಯಾರಣ್ಯಪುರಂ ಕಸದ ರಾಶಿಯಲ್ಲೋ ಕಿಡಿ ಹೊತ್ತೀತು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ, ಸರಿ. ಆದರೆ ಜನ ಅದನ್ನು ಕೊಡುವುದೆಲ್ಲಿ? ಪಾಲಿಕೆಯ ಪ್ರತಿ ವಲಯ ಕಚೇರಿಯಲ್ಲೂ ಒಣ ಮರಳು ತುಂಬಿದ ಒಂದು ಕಬ್ಬಿಣದ ಡ್ರಮ್ ಇಟ್ಟು, ವಾರಕ್ಕೊಮ್ಮೆ ಅಧಿಕೃತ ಮರುಬಳಕೆದಾರರಿಗೆ ಒಪ್ಪಿಸುವ ವ್ಯವಸ್ಥೆ ಮಾಡಲಿ.

– ಲ್ಯಾಪ್‌ಟಾಪ್ ದುರಸ್ತಿ ತಂತ್ರಜ್ಞರು, ಸರಸ್ವತಿಪುರಂ, ಮೈಸೂರು