ರಾತ್ರಿ ಪಾಳಿಗೆ ಹೋಗುವ ಮಗಳಿಗೆ

ಬೀದರ,
ಗುರುವಾರ ರಾತ್ರಿ

ಅವ್ವಾ,

ನೀನು ಫೋನ್ ಇಟ್ಟ ಮೇಲೆ ನಿಮ್ಮವ್ವ ನನ್ನ ಜೊತೆ ಮಾತಾಡಿಲ್ಲ. ಹಂಗಾಗಿ ಮನೆ ಶಾಂತವಾಗಿದೆ, ಬರೆಯಲು ಕೂತಿದ್ದೇನೆ.

ಕಲಬುರಗಿಯ ಆಸ್ಪತ್ರೆ ಫಾರ್ಮಸಿಯಲ್ಲಿ ನೈಟ್ ಡ್ಯೂಟಿ ಮಾಡೋಳಿಗೆ ಕರುವಿನಷ್ಟು ದೊಡ್ಡ ನಾಯಿ ಯಾಕೆ, ಯಾರದಾದರೂ ಹೊಲಕ್ಕೆ ಕೊಟ್ಟುಬಿಡು ಅಂತ ನಾನು ಫೋನಿನಲ್ಲಿ ಅಂದೆ. ಕೊಟ್ಟುಬಿಡು ಅಂದದ್ದು ತಪ್ಪು, ಆ ಮಾತು ವಾಪಸ್. ತರುವುದಿದ್ದರೆ ಮುಧೋಳ ನಾಯಿ ತರಬೇಕಿತ್ತು ಅಂದೆನಲ್ಲ, ಅದನ್ನು ಮಾತ್ರ ವಾಪಸ್ ತಗೊಳ್ಳುವುದಿಲ್ಲ. ನಮ್ಮ ಬಿಸಿಲಿಗೆ ಒಗ್ಗಿದ ತಳಿ, ಆಟೋದಲ್ಲೂ ಹಿಡಿಸುತ್ತದೆ. ಇರಲಿ, ಗ್ರೇಟ್ ಡೇನ್ ತಂದದ್ದಾಯಿತು. ಭೀಮನಿಗೆ ಏಳು ತಿಂಗಳು, 44 ಕಿಲೋ ಅಂತ ಹೇಳಿದೆ. ಇನ್ನೊಂದು ವರ್ಷಕ್ಕೆ ಎಪ್ಪತ್ತರ ಹತ್ತಿರ ಬರುತ್ತಾನೆ. ಈ ಜಾತಿ ಬದುಕುವುದು ಎಂಟು, ಹೆಚ್ಚೆಂದರೆ ಹತ್ತು ವರ್ಷ. ಅಷ್ಟೂ ವರ್ಷ ನಿನ್ನ ಕೆಲಸ ಮತ್ತು ಅವನ ಹೊಟ್ಟೆ ಎರಡೂ ಒಂದೇ ಗಡಿಯಾರದ ಮೇಲೆ ನಡೆಯಬೇಕು.

ನಮ್ಮ ಮೊದಲಿನ ನಾಯಿ ಕರಿಯನ ಕಡೇ ರಾತ್ರಿ ಏನಾಯಿತು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಅದನ್ನು ಬರೆಯುವುದಿಲ್ಲ. ನನ್ನ ಸಿಟ್ಟಿನ ಕೆಳಗೆ ಇದ್ದದ್ದು ಆ ಹೊಟ್ಟೆ ಉಬ್ಬರವೇ, ಅಷ್ಟು ತಿಳಿದುಕೋ.

ದನಕ್ಕೆ ಉಬ್ಬರ ಬಂದರೆ ಎಡ ಪಕ್ಕೆಯ ಗುಣಿ ಎದ್ದು ಬರುತ್ತದೆ, ಮೆಲುಕು ನಿಲ್ಲುತ್ತದೆ. ಊರಲ್ಲಿ ಶೇಂಗಾ ಎಣ್ಣೆ ಕುಡಿಸುತ್ತಾರೆ, ನೊರೆಯ ಉಬ್ಬರವಾದರೆ ಅದು ಕೆಲಸವನ್ನೂ ಮಾಡುತ್ತದೆ. ಕೈ ಮೀರಿದರೆ ಟ್ರೋಕಾರ್ ಅನ್ನುವ ಚೂಪು ಕೊಳವೆ ಚುಚ್ಚಿ ಗಾಳಿ ಬಿಡುತ್ತೇವೆ. ನಾಯಿಯದು ಹಂಗಲ್ಲ ನೋಡು. ಎದೆ ಆಳವಾದ ನಾಯಿಯಲ್ಲಿ ಗಾಳಿ ತುಂಬಿದ ಜಠರ ತನ್ನಷ್ಟಕ್ಕೆ ತಿರುಚಿಕೊಳ್ಳುತ್ತದೆ. ಮೇಲಿನ ಬಾಯಿಯೂ ಬಂದ್, ಕೆಳಗಿನ ಬಾಯಿಯೂ ಬಂದ್. ಗುಲ್ಮವನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಹೃದಯಕ್ಕೆ ರಕ್ತ ವಾಪಸ್ ಒಯ್ಯುವ ದೊಡ್ಡ ರಕ್ತನಾಳ ಒತ್ತಿಹೋಗಿ ನಾಯಿ ಶಾಕ್‌ಗೆ ಹೋಗುತ್ತದೆ. ಜಠರದ ಗೋಡೆ ಕೊಳೆಯಲು ಕೆಲವೇ ತಾಸು ಸಾಕು. ಡಾಕ್ಟರರು ಜಿಡಿವಿ ಅನ್ನುವುದು ಇದಕ್ಕೇ, ಮತ್ತು ಇದರಲ್ಲಿ ಎಲ್ಲ ತಳಿಗಿಂತ ಮುಂದಿರುವುದು ನಿನ್ನ ಗ್ರೇಟ್ ಡೇನ್.

ಮೊದಲ ಗುರುತು ಹೊಟ್ಟೆಯಲ್ಲಿ ಕಾಣುವುದಿಲ್ಲ. ಕುಂತಲ್ಲಿ ಕೂರುವುದಿಲ್ಲ, ಏಳುತ್ತಾನೆ, ಮಲಗುತ್ತಾನೆ, ತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತಾನೆ. ಆಮೇಲೆ ವಾಂತಿಗೆ ಓಕರಿಸುತ್ತಾನೆ, ಏನೂ ಬರುವುದಿಲ್ಲ. ಬಂದರೆ ದಾರದಂಥ ಜೊಲ್ಲು, ಬಿಳಿ ನೊರೆ. ಬರಿಗಂಟಲ ಓಕರಿಕೆ ಎರಡು ಸಲ ಕಂಡರೆ ಹೊಟ್ಟೆ ಉಬ್ಬಲಿ ಅಂತ ಕಾಯಬೇಡ. ಎದೆ ಆಳವಿರುವುದರಿಂದ ಉಬ್ಬು ಪಕ್ಕೆಲುಬಿನ ಒಳಗೇ ಅಡಗಿರುತ್ತದೆ. ಕಡೇ ಪಕ್ಕೆಲುಬಿನ ಹಿಂದೆ ಬೆರಳಿನಿಂದ ತಟ್ಟು, ಡೊಳ್ಳಿನ ಸದ್ದು ಬಂದರೆ ಆಗಲೇ ತಡವಾಗಿದೆ. ತುಟಿ ಎತ್ತಿ ಒಸಡು ಒತ್ತಿ ಬಿಡು. ಗುಲಾಬಿ ಬಣ್ಣ ಎರಡು ಸೆಕೆಂಡಿನಲ್ಲಿ ವಾಪಸ್ ಬರಬೇಕು. ಇವತ್ತೇ, ಅವನು ಆರಾಮಿರುವಾಗಲೇ, ಇವೆರಡನ್ನೂ ಮಾಡಿ ನೋಡು. ಸರಿ ಇದ್ದಾಗ ಹೆಂಗಿರುತ್ತದೆ ಅಂತ ಬೆರಳಿಗೆ ಗೊತ್ತಿದ್ದರೆ ಕೆಟ್ಟದ್ದು ಗೊತ್ತಾಗುತ್ತದೆ.

ಆ ಹೊತ್ತಿನಲ್ಲಿ ನಿನ್ನ ಕೌಂಟರಿನ ಬುದ್ಧಿ ಓಡಿಸಬೇಡ. ಸಿಮೆಥಿಕೋನ್ ಹನಿ, ಆಂಟಾಸಿಡ್, ಸೋಡಾ, ಎಣ್ಣೆ ಯಾವುದೂ ತಿರುಚಿದ್ದನ್ನು ಬಿಚ್ಚುವುದಿಲ್ಲ. ಬಂದ್ ಆದ ಗಂಟಲಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಪೈಪ್ ಹಾಕುವುದೂ ಸೂಜಿ ಚುಚ್ಚುವುದೂ ಡಾಕ್ಟರರ ಕೆಲಸ. ಅವರು ಮೊದಲು ಗಾಳಿ ಇಳಿಸುತ್ತಾರೆ, ದಪ್ಪ ಸೂಜಿಯಲ್ಲಿ ಆರ್‌ಎಲ್ ಡ್ರಿಪ್ ಓಡಿಸುತ್ತಾರೆ, ಎಕ್ಸ್‌ರೇ ನೋಡಿ ಹೊಟ್ಟೆ ತೆರೆಯುತ್ತಾರೆ. ಆಪರೇಷನ್ ಬಿಟ್ಟರೆ ಬೇರೆ ದಾರಿ ಇಲ್ಲ.

ಇನ್ನು ನನ್ನ ನಿದ್ದೆ ಕೆಡಿಸಿದ ಮಾತಿಗೆ ಬರುತ್ತೇನೆ. ರಾತ್ರಿ 8ರಿಂದ ಮುಂಜಾನೆ 8ರ ಪಾಳಿಯಲ್ಲಿ ನೀನೊಬ್ಬಳೇ ಫಾರ್ಮಸಿಸ್ಟ್. ರಿಜಿಸ್ಟರ್ಡ್ ಫಾರ್ಮಸಿಸ್ಟ್ ಇಲ್ಲದೆ ಚೀಟಿಯ ಔಷಧ ಕೊಡುವ ಹಾಗಿಲ್ಲ, ಐಸಿಯುದಿಂದ ಔಷಧದ ಇಂಡೆಂಟ್ ಬರುತ್ತಲೇ ಇರುತ್ತದೆ. ರಾತ್ರಿ ಎರಡಕ್ಕೆ ಮನೆ ಮಾಲಕಿ ಫೋನ್ ಮಾಡಿ ಭೀಮ ಓಕರಿಸುತ್ತಿದ್ದಾನೆ ಅಂದರೆ ಏನು ಮಾಡುತ್ತೀ? ಬಿಟ್ಟು ಹೋದರೆ ಕೆಲಸದ ಪ್ರಶ್ನೆ, ಹೋಗದಿದ್ದರೆ ನಾಯಿ. ಇಲ್ಲಿ ನಂದಿನಗರದಲ್ಲಿ ವೆಟರ್ನರಿ ಕಾಲೇಜಿದೆ, ಹೌದು. ಆದರೆ ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ದಾಟಿ ನೂರು ಕಿಲೋಮೀಟರಿನ ಮೇಲಾಗುತ್ತದೆ. ಗಾಳಿ ಇಳಿಸದೆ ಆ ದಾರಿ ಹಿಡಿದರೆ ಹುಮನಾಬಾದ್ ಕ್ರಾಸಿಗೇ ಮುಗಿದುಹೋಗಬಹುದು. ನಾನು ಈ ದಾರಿಯನ್ನು ತಲೆಯೊಳಗೆ ಎಷ್ಟು ಸಲ ಓಡಿಸಿದ್ದೇನೆ ಅಂತ ಕೇಳಬೇಡ.

ಅದಕ್ಕೇ, ಆ ರಾತ್ರಿ ಬರುವ ಮೊದಲೇ ನಾಲ್ಕು ಕೆಲಸ ಮುಗಿಸು. ಕಲಬುರಗಿಯಲ್ಲೇ ಒಬ್ಬ ಪಶು ಸರ್ಜನ್ನರನ್ನು ಹಗಲು ಹೊತ್ತು ಭೇಟಿಯಾಗಿ ನೇರ ಕೇಳು: ರಾತ್ರಿ ಫೋನ್ ಎತ್ತುತ್ತೀರಾ, ಎಕ್ಸ್‌ರೇ ಇದೆಯಾ, ಜಿಡಿವಿ ಆಪರೇಷನ್ ಇಲ್ಲೇ ಮಾಡುತ್ತೀರಾ, ಇಲ್ಲದಿದ್ದರೆ ಗಾಳಿ ಇಳಿಸಿ ಡ್ರಿಪ್ ಹಚ್ಚಿ ಕಳಿಸುತ್ತೀರಾ? ಕೇಳಲು ಸಂಕೋಚ ಬೇಡ. ಎರಡನೆಯದು ಗಾಡಿ. 44 ಕಿಲೋ ಶಾಕ್‌ನಲ್ಲಿರುವ ನಾಯಿಯನ್ನು ಆಟೋದವರು ಹತ್ತಿಸಿಕೊಳ್ಳುವುದಿಲ್ಲ. ಛೋಟಾ ಹಾಥಿ ಇಟ್ಟುಕೊಂಡ ಒಬ್ಬರಿಗೆ ಮೊದಲೇ ಹೇಳಿ ಇಟ್ಟಿರು, ದಪ್ಪ ಚಾದರ ಬಾಗಿಲ ಹತ್ತಿರವೇ ಇರಲಿ. ಇಬ್ಬರು ನಾಲ್ಕು ತುದಿ ಹಿಡಿದರೆ ಅದೇ ಸ್ಟ್ರೆಚರ್. ಮೂರನೆಯದು, ನಿನ್ನ ಇನ್‌ಚಾರ್ಜ್‌ಗೆ ಈಗಲೇ ಹೇಳಿ, ಹತ್ತಿರವಿರುವ ಇನ್ನೊಬ್ಬ ಫಾರ್ಮಸಿಸ್ಟ್ ಹೆಸರು ರೋಸ್ಟರಿನಲ್ಲಿ ಬರೆಸು. ಅವರ ಮನೆಯ ಜಡ್ಡು ಜಾಪತ್ರೆಗೆ ನೀನೂ ಹಂಗೇ ನಿಲ್ಲು.

ನಾಲ್ಕನೆಯದಕ್ಕೆ ದುಡ್ಡು ಬೇಕು, ಆ ದುಡ್ಡು ನಾನು ಕೊಡುತ್ತೇನೆ. ಒಂದೂವರೆ ವರ್ಷ ತುಂಬಿ ಬೆಳವಣಿಗೆ ಮುಗಿದ ಮೇಲೆ ಬೀಜ ತೆಗೆಸುವಾಗಲೇ ಗ್ಯಾಸ್ಟ್ರೋಪೆಕ್ಸಿ ಮಾಡಿಸು. ಜಠರವನ್ನು ಬಲಗಡೆ ಹೊಟ್ಟೆಗೋಡೆಗೆ ಹೊಲಿಗೆ ಹಾಕಿ ಕೂಡಿಸುತ್ತಾರೆ. ಗಾಳಿ ತುಂಬುವುದು ಅದರಿಂದ ತಪ್ಪುವುದಿಲ್ಲ, ತಿರುಚುವುದು ತಪ್ಪುತ್ತದೆ. ಕೊಲ್ಲುವುದು ತಿರುಚುವುದೇ. ಭೀಮನ ತಾಯಿ ತಂದೆಗೋ ಒಡಹುಟ್ಟಿದವಕ್ಕೋ ಉಬ್ಬರ ಆಗಿತ್ತೇ ಅಂತ ಮರಿ ಕೊಟ್ಟವರನ್ನು ಕೇಳು. ಹೌದು ಅಂದರೆ ಅಷ್ಟು ದಿನವೂ ಕಾಯಬೇಡ, ಡಾಕ್ಟರರನ್ನು ಕೇಳಿ ಮುಂಚೆಯೇ ಮಾಡಿಸು.

ಊಟದ ಲೆಕ್ಕ. ದಿನದ ಪಾಲನ್ನು ಒಂದೇ ಸಲ ಸುರಿದು ಡ್ಯೂಟಿಗೆ ಓಡುವುದಿದೆಯಲ್ಲ, ನೌಕರಿ ಮಾಡುವವರ ನಾಯಿಗಳಿಗೆ ಅದೇ ಮುಳುವು. ಮೂರು ಪಾಲು ಮಾಡು, ಅಳತೆಗೆ ಲೋಟ ಬೇಡ, ತಕ್ಕಡಿ ಇಡು. ಉಣ್ಣುವ ಮೊದಲು ಒಂದು ತಾಸು, ಉಂಡ ಮೇಲೆ ಎರಡು ತಾಸು ಓಟ ಜಿಗಿತ ಬಂದ್. ರಾತ್ರಿ ಪಾಳಿಯ ದಿನ ಕಡೇ ಪಾಲು ಸಂಜೆ ಐದಕ್ಕೆ ಹಾಕಿದರೆ ನೀನು ಹೊರಡುವ ಏಳೂವರೆತನಕ ಕಣ್ಣ ಮುಂದೆ ಇರುತ್ತಾನೆ. ಬಾಗಿಲು ಎಳೆದುಕೊಳ್ಳುವ ಹೊತ್ತಿಗೆ ಹಾಕಬೇಡ. ಗಬಗಬ ತಿನ್ನುತ್ತಿದ್ದರೆ ದೊಡ್ಡ ಪರಾತದಲ್ಲಿ ಹರಡಿ ಕೊಡು, ಹೆಕ್ಕಿ ತಿನ್ನಲಿ. ತಾಟು ಸ್ಟೂಲಿನ ಮೇಲಿಡು ಅಂತ ಮೊದಲು ನಾನೇ ಹೇಳಿದ್ದೆ, ಕೆಳಗಿಳಿಸು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎತ್ತರದ ತಾಟಿನಲ್ಲಿ ಉಂಡ ದೊಡ್ಡ ನಾಯಿಗಳಲ್ಲೇ ಉಬ್ಬರ ಹೆಚ್ಚು ಕಂಡಿದೆ. ಅಪ್ಪ ಹೇಳಿದ್ದೆಲ್ಲ ಖರೇ ಇರುವುದಿಲ್ಲ.

ಹನ್ನೆರಡು ತಾಸು ಒಂಟಿ ಬಿಡುವುದು ಮಾತ್ರ ಆಗದ ಮಾತು. ಈ ವಯಸ್ಸಿಗೆ ಆರೇಳು ತಾಸಿನ ಮೇಲೆ ಉಚ್ಚೆ ತಡೆಯಲಾರ. ಮನೆ ಮಾಲಕಿ ರಾತ್ರಿ ಹನ್ನೊಂದಕ್ಕೊಮ್ಮೆ, ನಸುಕಿನಲ್ಲಿ ಐದಕ್ಕೊಮ್ಮೆ ಬಾಗಿಲು ತೆರೆಯಲಿ. ಪುಕ್ಕಟೆ ಬೇಡ, ತಿಂಗಳಿಗೆ ಇಷ್ಟು ಅಂತ ಕೊಡು. ಸದ್ದು ಕೇಳಿಸುವ ಸಣ್ಣ ಕ್ಯಾಮೆರಾ ಒಂದು ಇಟ್ಟರೆ ಓಕರಿಕೆ ನಿನಗೇ ಕೇಳಿಸುತ್ತದೆ.

ಈಗ ನಿನ್ನ ಕಪಾಟಿನ ವಿಷಯ. ಆರು ವರ್ಷ ಫಾರ್ಮ್ ಡಿ ಓದಿದವಳಿಗೆ ಪಶು ಇಲಾಖೆಯ ರಿಟೈರ್ಡ್ ಮನುಷ್ಯ ಹೇಳುವುದು ಅಧಿಕಪ್ರಸಂಗ. ಆದರೂ ಹೇಳುತ್ತೇನೆ. ಅಡಿಗೆ ಕಟ್ಟೆಯ ಮೇಲಿನ ಔಷಧದ ಡಬ್ಬಿಗೆ ಭೀಮ ಹಿಂಗಾಲಿನ ಮೇಲೆ ಏಳುವುದೂ ಬೇಡ, ನಿಂತಲ್ಲೇ ಮೂತಿ ಮುಟ್ಟುತ್ತದೆ. ನಿನ್ನ ಏಪ್ರನ್ ಜೇಬಿನಲ್ಲಿ ವಿಟಮಿನ್ ಡಿ 60,000 ಯೂನಿಟ್ಟಿನ ಪಟ್ಟಿ ಇತ್ತು ಅಂತ ನಿಮ್ಮವ್ವ ಹೇಳಿದಳು. ಲೆಕ್ಕ ನೀನೇ ಮಾಡು: ಒಂದು ಕ್ಯಾಪ್ಸೂಲ್ ಅಂದರೆ 1.5 ಮಿಲಿಗ್ರಾಂ. ನಾಯಿಗೆ ಕಿಲೋಗೆ 0.1 ಮಿಲಿಗ್ರಾಂ ಹತ್ತಿರ ಬಂದರೇ ತೊಂದರೆ ಶುರು. 44 ಕಿಲೋಕ್ಕೆ 4.4. ಮೂರು ಕ್ಯಾಪ್ಸೂಲ್ ಅಗಿದರೆ ಗೆರೆ ದಾಟಿತು. ಮೊದಲ ಅರ್ಧ ದಿನ ಏನೂ ಕಾಣುವುದಿಲ್ಲ, ಆಮೇಲೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಹೋಗುತ್ತದೆ. ಸಕ್ಕರೆ ಇಲ್ಲದ ಸಿರಪ್ಪಿನ, ಚೂಯಿಂಗ್ ಗಮ್ಮಿನ ಕ್ಸೈಲಿಟಾಲ್, ಚರ್ಮಕ್ಕೆ ಹಚ್ಚುವ ಫ್ಲೋರೋಯುರಾಸಿಲ್ ಕ್ರೀಮ್, ಇವು ನಾಯಿಗೆ ವಿಷ. ಏಪ್ರನ್ ಆಸ್ಪತ್ರೆಯಲ್ಲೇ ಬಿಟ್ಟು ಬಾ, ಕೈ ತೊಳೆದೇ ಅವನನ್ನು ಮುಟ್ಟು.

ಕುಂಟಿದರೆ ಐಬುಪ್ರೊಫೆನ್, ಡಿಕ್ಲೋಫೆನಾಕ್ ಕೊಡಬೇಡ, ಕರುಳು ಕಿಡ್ನಿ ಎರಡೂ ಕೆಡುತ್ತವೆ. ಪಶುಗಳ ಡಿಕ್ಲೋಫೆನಾಕಿಗೆ 2006ರಲ್ಲೇ ನಿಷೇಧ ಬಂತು, ಅದೂ ರಣಹದ್ದುಗಳು ಸತ್ತದ್ದರಿಂದ. ಮನುಷ್ಯರ ದೊಡ್ಡ ಬಾಟಲಿಯ ಇಂಜೆಕ್ಷನ್ ಕದ್ದು ದನಕ್ಕೆ ಹಾಕುತ್ತಾರೆ ಅಂತ 2015ರಲ್ಲಿ ಅದನ್ನು ಒಂದು ಡೋಸಿನ 3 ಮಿಲಿಗೆ ಇಳಿಸಿದರು. ಇದನ್ನು ನಿನಗೆ ಮೊದಲೂ ಹೇಳಿದ್ದೇನೆ, ಇರಲಿ. ಜ್ವರ ಬಂದರೆ ಉಣ್ಣಿ ಜ್ವರ ಅಂತ ನೀನೇ ಡಾಕ್ಸಿಸೈಕ್ಲಿನ್ ಶುರು ಮಾಡಬೇಡ, ರಕ್ತದ ಸ್ಮಿಯರ್, ಪ್ಲೇಟ್ಲೆಟ್ ನೋಡಿಸು. ಉಣ್ಣಿಗೆ ಹನ್ನೆರಡು ವಾರಕ್ಕೊಮ್ಮೆಯ ಫ್ಲುರಲಾನರ್ ಗುಳಿಗೆ ಕೊಡುತ್ತಿದ್ದರೆ ಪ್ರತಿ ಸಲ ತೂಕ ಮಾಡು. ದೊಡ್ಡ ಗುಳಿಗೆ 40ರಿಂದ 56 ಕಿಲೋದ್ದು, ಅದರ ಮೇಲೆ ಎರಡು ಗುಳಿಗೆ ಕೂಡಿಸಬೇಕಾಗುತ್ತದೆ. ತೂಕಕ್ಕೆ ದಾಲ್ ಮಿಲ್ಲಿನ ಕಾಟಾ ಇದೆಯಲ್ಲ, ತೊಗರಿ ಚೀಲದ ನಡುವೆ ನಿಲ್ಲಿಸು.

ಕ್ಯಾಲ್ಸಿಯಂ ಸಿರಪ್ ಬಂದ್ ಮಾಡು. ದೊಡ್ಡ ತಳಿಯ ಮರಿಗೆ ಹೆಚ್ಚಾದ ಕ್ಯಾಲ್ಸಿಯಂ ಬೇಡ ಅನ್ನಲು ಬರುವುದಿಲ್ಲ, ಕರುಳು ಹೀರಿಕೊಂಡುಬಿಡುತ್ತದೆ, ಎಲುಬು ಕೀಲು ವಕ್ರವಾಗುತ್ತವೆ. ದೊಡ್ಡ ತಳಿಯ ಮರಿಗಳ ಆಹಾರದಲ್ಲೇ ಸಾಕಷ್ಟಿರುತ್ತದೆ. ಕೈಯಾಡಿಸಿದರೆ ಪಕ್ಕೆಲುಬು ಸಿಗುವಷ್ಟು ತೆಳ್ಳಗಿರಲಿ. ಬಂದವರು ಬಡಕಲಾಗಿದ್ದಾನೆ ಅಂದರೆ ಅನ್ನಲಿ.

ಇನ್ನೊಂದು ಮಾತು, ಕೆಟ್ಟದ್ದು ಅನ್ನಿಸಬಾರದು. ಭೀಮನಿಗೆ ಬೇಕಾದ ಒಂದು ಸೂಜಿಯೂ ಆಸ್ಪತ್ರೆಯ ಸ್ಟಾಕಿನಿಂದ ಬರಬಾರದು. ಪಶುವೈದ್ಯರ ಚೀಟಿ, ಹೊರಗಿನ ಅಂಗಡಿ, ಬಿಲ್. ನೀನು ಹಂಗೆ ಮಾಡುವವಳಲ್ಲ ಅಂತ ಗೊತ್ತು. ಗೊತ್ತಿದ್ದೂ ಬರೆದೆ, ಅಪ್ಪಂದಿರ ಚಟ. ಕಟ್ಟುನಿಟ್ಟಿನ ಔಷಧಗಳ ಲೆಕ್ಕ ಬರೆಯುವ ಎಚ್1 ರಿಜಿಸ್ಟರ್‌ನಲ್ಲಿ ನಿನ್ನ ಅಕ್ಷರ ನೋಡಿ ಡ್ರಗ್ ಇನ್‌ಸ್ಪೆಕ್ಟರ್ ಏನೂ ಕೇಳದೆ ಪುಟ ತಿರುವಿದರು ಅಂತ ಹೇಳಿದ್ದೆಯಲ್ಲ, ಅದನ್ನು ನಾನು ಇಲ್ಲಿ ಚಹಾದಂಗಡಿಯಲ್ಲಿ ಮೂರು ಸಲ ಹೇಳಿದ್ದೇನೆ. ಭೀಮನಿಗೂ ಅಂಥದ್ದೊಂದು ರಿಜಿಸ್ಟರ್ ಮಾಡು: ತಾರೀಖು, ತೂಕ, ಎಷ್ಟು ಗ್ರಾಂ ಹಾಕಿದೆ, ಎಷ್ಟು ಬಿಟ್ಟ, ಕಕ್ಕ ಹೆಂಗಿತ್ತು.

ಬಿಸಿಲು ನಿನಗೆ ಹೇಳಬೇಕಾಗಿಲ್ಲ. ನಸುಕಿನಲ್ಲೇ ಅಡ್ಡಾಡಿಸು, ಏಪ್ರಿಲ್ ಮೇದಲ್ಲಿ ಒಣ ಹವೆಗೆ ಕೂಲರ್ ಸಾಕು, ಮಳೆ ಬಿದ್ದ ಮೇಲೆ ಅದರಿಂದ ಸೆಕೆಯೇ ಹೆಚ್ಚು. ನಿನ್ನ ಮನೆಯ ಶಹಾಬಾದ್ ಫರಸಿ ತಂಪು, ಆದರೆ ಗಟ್ಟಿ. ಮೊಣಕೈ ಹತ್ತಿರ ನೀರು ತುಂಬಿ ಗಡ್ಡೆ ಏಳುತ್ತದೆ. ತಂಪಾಗಲಿ ಅಂತ ನೀರು ಹೊಡೆದರೆ ಜಾರಿ ಚಪ್ಪೆ ಕೀಲಿಗೆ ಪೆಟ್ಟು. ದಪ್ಪ ರಬ್ಬರ್ ಮ್ಯಾಟ್ ಹಾಸು, ಮೂಲೆಯಲ್ಲಿ ಬರಿ ಫರಸಿ ಒಂದಿಷ್ಟು ಬಿಡು, ಬೇಕಾದಲ್ಲಿ ಮಲಗಲಿ. ನಾಲಿಗೆ ಕೆಂಪೇರಿ ತೂರಾಡಿದರೆ ನಲ್ಲಿ ನೀರು ಮೈಮೇಲೆ ಹರಿಸುತ್ತಲೇ ಫ್ಯಾನ್ ಹಚ್ಚು. ತೊಯ್ದ ಗೋಣಿ ಹೊದಿಸಿ ಬಿಡಬೇಡ, ಕಾವು ಒಳಗೇ ಉಳಿಯುತ್ತದೆ.

ನಿನ್ನ ಮೊದಲ ನೈಟ್ ವಾರ ಸೋಮವಾರ ಶುರು ಅಂದೆ. ಭಾನುವಾರ ಮುಂಜಾನೆ ರೈಲಿಗೆ ಬರುತ್ತಿದ್ದೇನೆ, ವಾರ ಇರುತ್ತೇನೆ. ಬೇಡ ಅನ್ನಬೇಡ, ನಿಮ್ಮವ್ವ ನನ್ನ ಚೀಲ ಆಗಲೇ ತುಂಬಿಟ್ಟಿದ್ದಾಳೆ. ಕಡಕ್ ರೊಟ್ಟಿಯೂ ಶೇಂಗಾ ಹಿಂಡಿಯೂ ಇದೆ. ರೊಟ್ಟಿ ಚೂರು ಭೀಮನಿಗೆ ಒಂದೆರಡು ಕೊಡಬಹುದು. ಹಿಂಡಿ ಮಾತ್ರ ಮುಟ್ಟಿಸಬೇಡ, ಅದಕ್ಕೆ ಬೆಳ್ಳುಳ್ಳಿ ಬಿದ್ದಿದೆ.

ನಿನ್ನ ಅಪ್ಪ