ಶಾಸನ ರಚನೆಯ ಪಾಠದಲ್ಲಿ ತಪ್ಪು: ನೋಟ್ಸು, ಅಂಕ ಸರಿಪಡಿಸುವ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಸ್ಪರ್ಧಾ ಪರೀಕ್ಷೆ ತರಬೇತಿ ಕೇಂದ್ರ,
ಸದಾಶಿವ ಪೇಠ, ಪುಣೆ

ಮಾನ್ಯರೆ,

ನಾನು ಅಕ್ಕಲಕೋಟ ತಾಲೂಕಿನವಳು. ನಿಮ್ಮ ಕನ್ನಡ ಮಾಧ್ಯಮದ ಮೇನ್ಸ್ ಬ್ಯಾಚಿಗೆ ಪೂರ್ತಿ ಫೀಸು ಕಟ್ಟಿ, ಇಲ್ಲೇ ಪೇಠೆಯಲ್ಲಿ ಕಾಟ್ ಬೇಸಿಸ್ ಮೇಲೆ (ಒಂದು ಮಂಚಕ್ಕಷ್ಟೇ ಬಾಡಿಗೆ ಕೊಟ್ಟು) ಇದ್ದೇನೆ. ಕನ್ನಡ ನೋಟ್ಸು ಮೂರು ತಿಂಗಳು ತಡವಾದರೂ ಸುಮ್ಮನಿದ್ದೆ. ಬಂದ ನೋಟ್ಸು ಓದಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಕಳೆದ ಭಾನುವಾರದ ಟೆಸ್ಟಿನಲ್ಲಿ ಸಂಸತ್ತಿನ ಶಾಸನ ರಚನೆಯ ದೌರ್ಬಲ್ಯಗಳ ಬಗ್ಗೆ 15 ಅಂಕದ ಪ್ರಶ್ನೆ ಇತ್ತು. ನನಗೆ ಸಿಕ್ಕಿದ್ದು 3. ಪಕ್ಕದಲ್ಲಿ ಕೆಂಪು ಶಾಯಿಯ ಷರಾ: ‘ನೋಟ್ಸಿನಲ್ಲಿ ಇಲ್ಲ’. ನಿಜ, ಇಲ್ಲ. ನನ್ನ ದೂರೂ ಅದೇ.

‘ಪ್ರತಿಯೊಂದು ಮಸೂದೆಯೂ ಸ್ಥಾಯಿ ಸಮಿತಿಯ ಪರಿಶೀಲನೆಗೆ ಒಳಪಡುತ್ತದೆ’ ಎಂದು ಅಚ್ಚು ಹಾಕಿಸಿದ್ದೀರಿ. 1993ರಿಂದ ಮಸೂದೆಗಳನ್ನು ಪರಿಶೀಲಿಸುವ ಸಂಸದರ ಇಲಾಖಾವಾರು ಸ್ಥಾಯಿ ಸಮಿತಿಗಳಿವೆ, ಆದರೆ ಮಸೂದೆಯನ್ನು ಕಳಿಸಲೇಬೇಕೆಂಬ ಕಡ್ಡಾಯವಿಲ್ಲ. ಸ್ಪೀಕರ್ ಅಥವಾ ಸಭಾಪತಿ ಕಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಂಸತ್ತಿನ ಕೆಲಸವನ್ನು ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ಲೆಕ್ಕದಂತೆ 17ನೇ ಲೋಕಸಭೆಯಲ್ಲಿ ಸಮಿತಿಗೆ ಹೋದದ್ದು ನೂರಕ್ಕೆ ಸುಮಾರು 16 ಮಸೂದೆ. ಕೃಷಿ ಕಾಯ್ದೆಗಳನ್ನು ರದ್ದು ಮಾಡುವ ಮಸೂದೆ 2021ರ ನವೆಂಬರ್ 29ರಂದು ಲೋಕಸಭೆಯಲ್ಲಿ ಚರ್ಚೆಯೇ ಇಲ್ಲದೆ ಪಾಸಾಗಿ, ಅದೇ ದಿನ ರಾಜ್ಯಸಭೆಯನ್ನೂ ದಾಟಿತು. ಇದನ್ನು ಬರೆದದ್ದಕ್ಕೂ ಸೊನ್ನೆ.

ಪಕ್ಷಾಂತರ ನಿಷೇಧಕ್ಕೆ ಎರಡು ಪುಟ ಹೊಗಳಿಕೆ ಇದೆ. ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿದ ಸಂಸದ ಸ್ಥಾನವನ್ನೇ ಕಳೆದುಕೊಳ್ಳಬಹುದು, ಹಾಗಾಗಿ ಚರ್ಚೆ ಕೇಳಿ ಮನಸ್ಸು ಬದಲಾದರೂ ಮತ ಬದಲಾಗುವುದಿಲ್ಲ ಎಂಬ ಒಂದು ಸಾಲಿಲ್ಲ. (ವಿಪ್ಪನ್ನು ‘ಚಾವಟಿ’ ಎಂದು ಅನುವಾದಿಸಿದ್ದೀರಿ. ಅರ್ಥ ತೀರಾ ತಪ್ಪಲ್ಲ, ಆದರೆ ಪರೀಕ್ಷೆಯಲ್ಲಿ ಹಾಗೆ ಬರೆಯಲಾದೀತೆ?)

ಹೆಚ್ಚು ಬೇಸರವಾದದ್ದು ಸುಗ್ರೀವಾಜ್ಞೆಯ (ಸದನ ನಡೆಯದಿದ್ದಾಗ ಹೊರಡಿಸುವ ತಾತ್ಕಾಲಿಕ ಕಾನೂನಿನ) ಪಾಠಕ್ಕೆ. ಬಿಹಾರ ಸರ್ಕಾರ 1967ರಿಂದ 1981ರವರೆಗೆ 256 ಸುಗ್ರೀವಾಜ್ಞೆಗಳನ್ನು ಹೊರಡಿಸಿ, ಶಾಸನಸಭೆಯಲ್ಲಿ ಕಾಯ್ದೆಯಾಗಿಸದೆ ಮತ್ತೆ ಮತ್ತೆ ಜಾರಿ ಮಾಡಿ, ಕೆಲವನ್ನು 14 ವರ್ಷದವರೆಗೆ ಜೀವಂತ ಇಟ್ಟಿತ್ತು. ಅದನ್ನು ಹುಡುಕಿ ತೆಗೆದು ಸುಪ್ರೀಂ ಕೋರ್ಟಿಗೆ ಹೋದವರು ಡಿ.ಸಿ. ವಾಧ್ವಾ, ಇದೇ ಪುಣೆಯ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರ ಪ್ರಾಧ್ಯಾಪಕರು. ನಿಮ್ಮ ಕ್ಲಾಸಿನಿಂದ ಆ ಸಂಸ್ಥೆಗೆ ನಡೆದೇ ಹೋಗಬಹುದು. ಆ ಮೊಕದ್ದಮೆಯ 1986ರ ತೀರ್ಪು ನೋಟ್ಸಿನಲ್ಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ನಾನು ಅವರ ಹೆಸರು ಬರೆದರೆ ಮೌಲ್ಯಮಾಪಕರು ಸುತ್ತ ಗೆರೆ ಎಳೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಾರೆ.

ಉತ್ತರ ಪತ್ರಿಕೆಯ ನಕಲು ಲಗತ್ತಿಸಿದ್ದೇನೆ. ವಿಷಯ ಬಲ್ಲವರಿಂದ ಮರು ಮೌಲ್ಯಮಾಪನ ಮಾಡಿಸಿ, ಆ ಅಧ್ಯಾಯವನ್ನು ತಿದ್ದಿ ಬ್ಯಾಚಿನ ಎಲ್ಲರಿಗೂ ಕೊಡಿ. ಹದಿನೈದು ದಿನದೊಳಗೆ ಆಗದಿದ್ದರೆ ಟೆಸ್ಟ್ ಸೀರೀಸಿನ ಹಣ ವಾಪಸು ಕೊಡಿ. ಕೌಂಟರಿನಲ್ಲಿ ‘ಮರಾಠಿ ಬ್ಯಾಚಿಗೆ ಬದಲಾಯಿಸಿಕೊಳ್ಳಿ’ ಎಂದರು. ಮರಾಠಿ ನೋಟ್ಸನ್ನೂ ನೋಡಿದೆ, ಅದೇ ತಪ್ಪು ಅಲ್ಲೂ ಇದೆ.

ಇಂತಿ,
ಕನ್ನಡ ಬ್ಯಾಚಿನ ವಿದ್ಯಾರ್ಥಿನಿ