ಟೋಕಿಯೋದ ಕಾಡಿನಲ್ಲಿ ದರಕು

ಪ್ರೀತಿಯ ಪುಟ್ಟಿ,

ಶಿರಸಿಗೆ ಬಂದು ನಾಲ್ಕು ದಿನವಾಯಿತು. ಅಂಗಳಕ್ಕೆ ಉದುರಿದ ಒಣ ಎಲೆಯ ದರಕು ಗುಡಿಸುವಾಗಲೆಲ್ಲ ಟೋಕಿಯೋದಲ್ಲಿ ಕಂಡ ಒಬ್ಬ ಮನುಷ್ಯ ಕಣ್ಣಿಗೆ ಕಟ್ಟುತ್ತಾನೆ. ಅಲ್ಲಿದ್ದಾಗ ನಿನಗೆ ಹೇಳಲಾಗಲಿಲ್ಲ. ನೀನು ರಾತ್ರಿ ಮನೆಗೆ ಬರುವಷ್ಟರಲ್ಲಿ ಉಣ್ಣುವ ತ್ರಾಣವೂ ನಿನ್ನಲ್ಲಿ ಉಳಿದಿರುತ್ತಿರಲಿಲ್ಲ.

ಗುರುವಾರ ನೀನು ಕಚೇರಿಗೆ ಹೋದ ಮೇಲೆ ಒಬ್ಬಳೇ ರೈಲು ಹತ್ತಿ ಹರಾಜುಕುವಿನಲ್ಲಿ ಇಳಿದೆ. ನಿಲ್ದಾಣದ ಒಂದು ಬದಿಗೆ ಅಂಗಡಿಗಳ ಸಾಲು, ನಮ್ಮ ಮಾರಿಜಾತ್ರೆಯಂತೆ ಜನ. ಇನ್ನೊಂದು ಬದಿಗೆ ಮೆಯಿಜಿ ದೇಗುಲ. ಎಲ್ಲರೂ ‘ತೋರಿ’ ಎಂಬ ಹೆಬ್ಬಾಗಿಲಿನ ಮುಂದೆ ತಲೆಬಾಗಿ ಒಳಗೆ ಹೋಗುತ್ತಿದ್ದರು, ನಾನೂ ಬಾಗಿದೆ. ಸ್ವಲ್ಪ ದೂರ ನಡೆಯುವಷ್ಟರಲ್ಲಿ ಪೇಟೆಯ ಸದ್ದು ಹಿಂದೆ ಸರಿದು, ಜಲ್ಲಿಯ ಮೇಲೆ ನನ್ನದೇ ಕಾಲಿನ ಸಪ್ಪಳ ಕೇಳತೊಡಗಿತು. ತಲೆಯ ಮೇಲೆ ಓಕ್ ಮರಗಳು, ಕರ್ಪೂರದ ಮರಗಳು.

ಅಲ್ಲಿದ್ದ ಅವನು. ಉದ್ದನೆಯ, ಅಗಲವಾದ ಪೊರಕೆ ಹಿಡಿದು ಹಾದಿಯ ಎಲೆಗಳನ್ನೆಲ್ಲ ಒಟ್ಟು ಮಾಡುತ್ತಿದ್ದ. ಚೀಲಕ್ಕೆ ತುಂಬುತ್ತಾನೆಂದು ನೋಡುತ್ತ ನಿಂತೆ. ತುಂಬಲಿಲ್ಲ. ಅಷ್ಟನ್ನೂ ಮರಗಳ ಬುಡಕ್ಕೇ ಮರಳಿಸಿದ. ನಾವು ದರಕನ್ನು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಒಯ್ಯುತ್ತೇವೆ. ಅಲ್ಲಿ ಕಾಡಿನದು ಕಾಡಿಗೇ ಸೇರಬೇಕು, ಅದೇ ಅಲ್ಲಿನ ಕ್ರಮ.

ಅದು ತಾನಾಗಿ ಬೆಳೆದ ಕಾಡಲ್ಲ, ಪುಟ್ಟಿ. ಮೆಯಿಜಿ ಚಕ್ರವರ್ತಿ 1912ರಲ್ಲಿ ತೀರಿಕೊಂಡ ಮೇಲೆ, ಅವನ ಮತ್ತು ರಾಣಿ ಶೋಕೆನ್ ನೆನಪಿಗೆ 1920ರಲ್ಲಿ ಈ ದೇಗುಲ ಕಟ್ಟಿದರು. ಸುಮಾರು 70 ಹೆಕ್ಟೇರ್ ಜಾಗಕ್ಕೆ ದೇಶದ ಮೂಲೆಮೂಲೆಯಿಂದ ಜನರು ಕಳಿಸಿದ ಮರಗಳೇ ಸುಮಾರು ಒಂದು ಲಕ್ಷ. ಪ್ರಧಾನಿ ಓಕುಮಾ ಶಿಗೆನೋಬು ನಿಕ್ಕೋ ಊರಿನ ದೇಗುಲದಲ್ಲಿರುವಂತೆ ‘ಸುಗಿ’ ಎಂಬ ಎತ್ತರದ ಮರಗಳೇ ಬೇಕೆಂದಿದ್ದನಂತೆ. ಅರಣ್ಯ ವಿದ್ವಾಂಸ ಹೋಂಡಾ ಸೆಯಿರೋಕು ಮತ್ತು ಜೊತೆಗಾರರು, ಟೋಕಿಯೋದ ಹೊಗೆಯಲ್ಲಿ ಅವು ಬಾಳುವುದಿಲ್ಲವೆಂದು ಒಪ್ಪಿಸಿ, ಸದಾ ಹಸಿರಾಗಿರುವ ಅಗಲ ಎಲೆಯ ಮರಗಳನ್ನು ಆರಿಸಿದರು. ನೂರು, ನೂರೈವತ್ತು ವರ್ಷಗಳಲ್ಲಿ ಅದು ತನ್ನಷ್ಟಕ್ಕೆ ತಾನೇ ಬೆಳೆಯುವ ಕಾಡಾಗಬೇಕೆಂಬ ಲೆಕ್ಕ. ನೆಟ್ಟವರಲ್ಲಿ ಯಾರು ಆ ನೆರಳಿನಲ್ಲಿ ನಡೆದಾರು? ಅಜ್ಜ ತೋಟದಂಚಿಗೆ ಹಲಸಿನ ಬೀಜ ಊರುತ್ತಿದ್ದುದು ನೆನಪಾಗಿ ಅಲ್ಲೇ ಕಣ್ಣು ತುಂಬಿತು.

1945ರ ಬಾಂಬ್ ದಾಳಿಯಲ್ಲಿ ಗುಡಿ ಸುಟ್ಟುಹೋಗಿತ್ತು. ಈಗಿರುವುದು 1958ರಲ್ಲಿ ಮತ್ತೆ ಕಟ್ಟಿದ್ದು. ಕಾಡು ಉಳಿದುಕೊಂಡಿತು.

ಕಲ್ಲುತೊಟ್ಟಿಯ ನೀರಿನಲ್ಲಿ ಮೊದಲು ಎಡಗೈ, ಆಮೇಲೆ ಬಲಗೈ ತೊಳೆದೆ. ಪಕ್ಕದ ಅಜ್ಜಿಯನ್ನು ನೋಡಿಕೊಂಡು ಎರಡು ಸಲ ಬಾಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿದೆ. ಕಣ್ಣಿಗೆ ಮೂರ್ತಿ ಕಾಣಲಿಲ್ಲ. ನಿನ್ನ ನಿದ್ದೆಗೆಟ್ಟ ಮುಖವೇ ಕಂಡಿತು, ನಿನಗೆ ನಿದ್ದೆ ಸಿಗಲೆಂದೇ ಬೇಡಿಕೊಂಡೆ.

ಬರುವಾಗ ಒಂದು ಚೀಟಿ ಎತ್ತಿದೆ. ಅಲ್ಲಿ ಶುಭ ಅಶುಭ ಹೇಳುವುದಿಲ್ಲ, ಚಕ್ರವರ್ತಿಯೋ ರಾಣಿಯೋ ಬರೆದ ಒಂದು ಪದ್ಯವಿರುತ್ತದೆ. ಜಪಾನಿಯಲ್ಲಿದೆ, ನನಗೆ ಓದಲು ಬರಲಿಲ್ಲ. ನಿನ್ನ ಅಡುಗೆಮನೆಯಲ್ಲಿ, ನಾನು ತಂದ ಅಪ್ಪೆಮಿಡಿ ಭರಣಿಯ ಕೆಳಗೆ ಇಟ್ಟಿದ್ದೇನೆ.

ಸೂರ್ಯಾಸ್ತಕ್ಕೆ ಬಾಗಿಲು ಹಾಕುತ್ತಾರೆ, ಕಚೇರಿ ಮುಗಿಸಿ ಹೋದರೆ ಸಿಗುವುದಿಲ್ಲ. ಭಾನುವಾರ ಬೆಳಿಗ್ಗೆ ಹೋಗು. ಪದ್ಯವನ್ನು ಅಲ್ಲೇ ಕೂತು ಓದಿ, ಅರ್ಥ ಏನೆಂದು ಫೋನ್ ಮಾಡಿ ಹೇಳು.

ನಿನ್ನ,
ಆಯಿ